ಕದವಿಲ್ಲದ ಅಗಸಿ

ಹೊನ್ನಗಟ್ಟಿ ನಗರದ ಪಡುವಣ ಅಂಚಿನಲ್ಲಿ ಈಗ ದೊಡ್ಡದೊಂದು ವೈದ್ಯಕೀಯ ಸಂಕೀರ್ಣ ಎದ್ದು ನಿಂತಿದೆ. ಬಹುಮಹಡಿ ಆಸ್ಪತ್ರೆ, ನರ್ಸಿಂಗ್ ಕಾಲೇಜು, ಔಷಧದ ಅಂಗಡಿಗಳ ಸಾಲು, ರೋಗಿಗಳ ಕಡೆಯವರಿಗೆ ವಸತಿಗೃಹ, ಖಾನಾವಳಿ, ಬ್ಯಾಂಕು ಎಲ್ಲವೂ ಒಂದೇ ಆವರಣದಲ್ಲಿವೆ. ಫಲಕದ ಮೇಲೆ ಉದ್ದನೆಯ ಹೆಸರಿದೆ, ಆದರೆ ಆಟೋದವರಿಗೆ 'ಕದವಿಲ್ಲದ ಅಗಸಿ' ಎಂದರೇ ತಿಳಿಯುವುದು. ಅಗಸಿ ಎಂದರೆ ನಮ್ಮ ಕಡೆ ಹೆಬ್ಬಾಗಿಲು. ಹೊಸ ಕಟ್ಟಡಗಳ ಮುಂದೆ ಕರಿಗಲ್ಲಿನ ಹಳೆಯ ಅಗಸಿ ಹಾಗೆಯೇ ಉಳಿದಿದೆ.

ಹಿಂದೆ ಒಮ್ಮೆ ಈ ಸೀಮೆ ಸರ್ಜಪ್ಪ ದೇಸಾಯಿಯ ಕೈಯಲ್ಲಿತ್ತು. ಅವನ ಹೆಂಡತಿ ನೀಲಗಂಗವ್ವನಿಗೆ ಚೊಚ್ಚಲ ಹೆರಿಗೆ ಕಠಿಣವಾಗಿ, ದೂರದ ವೈದ್ಯರಲ್ಲಿಗೆ ಗಾಡಿಯಲ್ಲಿ ಒಯ್ಯುವಾಗ ಅವಳು ದಾರಿಯಲ್ಲೇ ತೀರಿಕೊಂಡಳು. ದೇಸಾಯಿ ಮರುಮದುವೆಯಾಗಲಿಲ್ಲ. ತನ್ನ ಸೀಮೆಯ ಹೆಣ್ಣುಮಕ್ಕಳಿಗೆ ಇಂಥ ಸಾವು ಬರಬಾರದೆಂದು ಆರೋಗ್ಯಶಾಲೆ ಕಟ್ಟಿಸಲು ನಿಂತ. ವೈದ್ಯರಿಗೆ ಮನೆಗಳು, ಗಿಡಮೂಲಿಕೆಯ ಪೇಟೆ, ಜೊತೆಗೆ ಬಂದವರಿಗೆ ಛತ್ರ, ಬಾಣಂತಿಯರಿಗೆ ಬೇರೆಯೇ ಮನೆ, ಹೀಗೆ ಅದೊಂದು ಪುಟ್ಟ ಊರೇ ಆಯಿತು. ಅಗಸಿಗೆ ಹೂಬಳ್ಳಿ ಕೆತ್ತಿದ ಸಾಗುವಾನಿಯ ಕದಗಳನ್ನು ಕೂಡಿಸಿದರು. ಒಳಗಿನವರು ನೆಲೆಸಿದ ಮೇಲೆ ಕದ ಮುಚ್ಚಿ, ಯಾರೂ ಹೊಸ್ತಿಲು ದಾಟದಂತೆ ಇಟ್ಟು, ಒಳ್ಳೆಯ ಮುಹೂರ್ತದಲ್ಲಿ ತೆರೆದರೆ ಒಳಗೆ ಎಂದೂ ಕೇಡಾಗದು ಎಂದು ಜೋಯಿಸರು ಹೇಳಿದ್ದರು. ಒಮ್ಮೆ ಕಳೆದುಕೊಂಡವನು ದೇಸಾಯಿ. ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡ.

ಮುಹೂರ್ತದ ಹಿಂದಿನ ದಿನ ಮಧ್ಯಾಹ್ನ ಕಂಬಳಿ ನೇಯುವ ಬರಮಪ್ಪ, ಹೆರಿಗೆ ಬೇನೆ ತಿನ್ನುತ್ತಿದ್ದ ಹೆಂಡತಿ ಕೆಂಚವ್ವನನ್ನು ಗಾಡಿಯಲ್ಲಿ ಮಲಗಿಸಿಕೊಂಡು ಬಂದ. ಕಾವಲುಗಾರ ದೇಸಾಯಿಯ ವಾಡೆಗೆ ಓಡಿ ಸುದ್ದಿ ಮುಟ್ಟಿಸಿದ. ಮುಹೂರ್ತ ಮೀರಲು ಒಪ್ಪದ ದೇಸಾಯಿ, "ನಾಳೆ ಮುಂಜಾನಿ ತನಕ ಅಷ್ಟ. ಕದಾ ತೆರದ ಕೂಡ್ಲೆ ಎಲ್ಲಾರಕಿಂತ ಮೊದಲು ಆಕಿನ್ನ ಒಳಗ ಕರಕೊಳ್ಳೂಣು. ಅಲ್ಲೀತನಕ ನೆರಳಾಗ ಮಲಗಸ್ರಿ," ಎಂದ. ಮರದ ನೆರಳಿನಲ್ಲಿ ಮಲಗಿಸಿದರು. ಹೊತ್ತು ಇಳಿಯುವ ಮೊದಲೇ ಕೆಂಚವ್ವ ಹೋದಳು, ಕೂಸೂ ಉಳಿಯಲಿಲ್ಲ.

ದೇಸಾಯಿ ಬರಿಗಾಲಲ್ಲಿ ಓಡಿ ಬಂದ ಎನ್ನುತ್ತಾರೆ. ಬರಮಪ್ಪ ಬೈಯಲಿಲ್ಲ. ಮುಚ್ಚಿದ ಕದವನ್ನೇ ನೋಡುತ್ತ ಕೇಳಿದ:

"ಒಳಗ ವೈದ್ಯರು ಇದ್ರೇನ್ರೀ ಧಣೇರ?"

"ಇದ್ರಪಾ."

"ಸೂಲಗಿತ್ತೇರು?"

"ಅವರೂ ಇದ್ರು."

"ಬಾಗಲಾ ಭಾಳ ಚಲೋ ಮಾಡಿಸೀರಿ," ಎಂದು ಬರಮಪ್ಪ ಎತ್ತು ಹೂಡಿದ. ತಾಯಿ ಮಗು ಇಬ್ಬರನ್ನೂ ಒಂದೇ ಕಂಬಳಿಯಲ್ಲಿ ಸುತ್ತಿಕೊಂಡು ಬಂದ ದಾರಿಯಲ್ಲೇ ಹೊರಟುಹೋದ. ಅವನು ಮತ್ತೆಂದೂ ಈ ಕಡೆ ಬರಲಿಲ್ಲವಂತೆ.

ಮರುದಿನ ವಾದ್ಯದವರನ್ನು ದೇಸಾಯಿ ತಿರುಗಿ ಕಳಿಸಿದ. ಬಡಿಗರನ್ನು ಕರೆಸಿ ಕದಗಳನ್ನು ಕಿತ್ತುಹಾಕಿಸಿ, ಅವನ್ನು ಸೀಳಿಸಿ ಬಾಣಂತಿಯರ ನೀರೊಲೆಗೆ ಹಾಕಿಸಿದ. ಮುಂದೆ ಬದುಕಿರುವ ತನಕ ಅವನು ಅಗಸಿಯ ಬಲಗಡೆಯ ಕಲ್ಲುಕಟ್ಟೆಯ ಮೇಲೆ ಕುಳಿತು, ಬಂದ ಪ್ರತಿ ಗಾಡಿಗೂ ತಾನೇ ಎದ್ದು ಹೋಗಿ, "ನಡೀರವ್ವಾ, ಒಳಗ ನಡೀರಿ," ಎನ್ನುತ್ತಿದ್ದ. ಮೈಯಲ್ಲಿ ಕಸುವು ಕುಂದಿದ ಮೇಲೂ ಮಳೆ ಬಿಸಿಲೆನ್ನದೆ ಅಲ್ಲಿಂದ ಏಳಲಿಲ್ಲ. ಅವನು ಸತ್ತದ್ದೂ ಅಲ್ಲಿಯೇ ಎನ್ನುತ್ತಾರೆ.

ಆ ಕಟ್ಟೆ ಇಂದಿಗೂ ಇದೆ. ಆಸ್ಪತ್ರೆಯಲ್ಲಿ ನಿಲ್ಲಲು ಜಾಗವಿಲ್ಲದ ದಿನವೂ ಅದರ ಮೇಲೆ ಯಾರೂ ಕೂಡುವುದಿಲ್ಲ. ಹೆತ್ತು ಮನೆಗೆ ಹೊರಟ ಹೆಣ್ಣುಮಕ್ಕಳು ಮಾತ್ರ ಅಲ್ಲಿ ಒಂದಿಷ್ಟು ನಿಂತು, ಸೆರಗು ಸರಿಸಿ, ಆ ಬರಿಯ ಕಲ್ಲಿಗೆ ಕೂಸಿನ ಮುಖ ತೋರಿಸಿ ಮುಂದೆ ಹೋಗುತ್ತಾರೆ.