ಮನೆಗೊಂದು ಹಗ್ಗ

“ಗುರುಗಳೇ, ಸಾಕ್ಷ್ಯಕ್ಕೆಂದು ಒಬ್ಬರ ಫೋನು ಕೈಗೆ ಬಂದಮೇಲೆ ಅದರೊಳಗಿನದನ್ನೆಲ್ಲ ನೋಡುವುದು ತಪ್ಪೇ?” ಎಂದು ಅಡಿವೆಪ್ಪ ಕೇಳಿದ. ಅವನು ಪೊಲೀಸ್ ಇಲಾಖೆಯಲ್ಲಿ ಮೊಬೈಲುಗಳಿಂದ ಸಾಕ್ಷ್ಯ ತೆಗೆಯುವವನು. ಹುಡುಗಿಯೊಬ್ಬಳು ತನ್ನನ್ನು ಬೆದರಿಸುವವನ ಮೇಲೆ ದೂರು ಕೊಟ್ಟು, ತಾನೇ ಫೋನು ತಂದೊಪ್ಪಿಸಿದ್ದಳು. ಬೆದರಿಕೆಯ ಸಂದೇಶಗಳ ಜೊತೆಗೆ ಅವಳ ಆಸ್ಪತ್ರೆಯ ಚೀಟಿಗಳೂ ತಾಯಿಯೊಡನೆ ಅತ್ತು ಹೇಳಿಕೊಂಡ ಮಾತುಗಳೂ ಅದರಲ್ಲಿದ್ದವು. “ಎಲ್ಲವನ್ನೂ ತೆಗೆಯುತ್ತೇನೆ. ಆ ದುಷ್ಟನನ್ನು ಮಾತ್ರ ಬಿಡಲಾರೆ” ಎಂದ.

ಗುರುಗಳು ಹೇಳಿದರು:

“ಬಿಡಬೇಡ. ಆದರೆ ಒಂದು ಬಾವಿಯ ಕತೆ ಕೇಳು.

ಒಂದೂರಿನಲ್ಲಿ ಬಹಳ ಆಳದ ಬಾವಿಯಿತ್ತು. ಅದರಲ್ಲಿ ಏನಾದರೂ ಬಿದ್ದರೆ ತೆಗೆಯಲು ಚಾವಡಿಯಲ್ಲಿ ಕೊಕ್ಕೆಗಳಿರುವ ಪಾತಾಳಗರಡಿ ಇತ್ತು. ಆದರೆ ಯಾವ ಒಂದು ಮನೆಯ ಹಗ್ಗವೂ ತಳ ಮುಟ್ಟುತ್ತಿರಲಿಲ್ಲ. ಮನೆಮನೆಯವರೂ ತಮ್ಮ ಹಗ್ಗ ತಂದು ಜೋಡಿಸಿ ಕಟ್ಟುತ್ತಿದ್ದರು. ಹುಡುಕಿದ್ದನ್ನು ಬಿಟ್ಟು ಬೇರೇನು ಮೇಲೆ ಬಂದರೂ ಬಿಚ್ಚದೆ ನೀರಿಗೆ ಬಿಡುವುದು ಅಲ್ಲಿಯ ರೂಢಿ. ಸುಡಲಾರದ್ದನ್ನು, ಇಟ್ಟುಕೊಳ್ಳಲಾರದ್ದನ್ನು ಜನ ಆ ಬಾವಿಗೇ ಹಾಕುತ್ತಿದ್ದರಲ್ಲ!

ಗುಡಿಗೆ ನೀರು ಹೊರುವ ಹೆಂಗಸೊಬ್ಬಳ ಕೈಯಿಂದ ಗುಡಿಯ ಬೆಳ್ಳಿಯ ಕೊಡ ಜಾರಿ ಬಾವಿಗೆ ಬಿತ್ತು. ಮಾರಿಕೊಂಡಿದ್ದಾಳೆ ಎಂದರು ಜನ. ಬಾವಿ ಹುಡುಕಿಸಲೇಬೇಕೆಂದು ಅವಳು ಹಟ ಹಿಡಿದಳು. ಊರ ಗೌಡ ಒಪ್ಪಿದ. ಎಲ್ಲ ಮನೆಗಳ ಹಗ್ಗವೂ ಬಂತು.

ಮೊದಲು ಮೇಲೆ ಬಂದದ್ದು ಕೊಡವಲ್ಲ, ಬಟ್ಟೆಯ ಪುಟ್ಟ ಗಂಟು.

‘ಅದನ್ನ ನೀರಿಗೆ ಬಿಡ್ರಿ ಗೌಡ್ರ. ನನಗ ಕೊಡ ಸಿಕ್ಕರ ಸಾಕು’ ಎಂದಳು ಹೆಂಗಸು.

‘ತಡಿಯವ್ವಾ. ಬಂದೈತಿ ಅಂದಮ್ಯಾಲ ನೋಡಿದರ ಏನಾತು?’ ಎಂದು ಗೌಡ ಬಿಚ್ಚಿಯೇಬಿಟ್ಟ. ಕಣ್ಣಿನ ಚಪಲ, ಮತ್ತೇನು!

ಒಳಗೆ ಹಸಿರು ಬಳೆಗಳಿದ್ದವು. ಸುತ್ತಿದ ಬಟ್ಟೆ ಯಾವ ವಿಧವೆಯ ಸೀರೆಯದೆಂದು ಎಲ್ಲರಿಗೂ ಗುರುತು ಹತ್ತಿತು. ಗಂಡ ಸತ್ತಮೇಲೂ ಕದ್ದು ಬಳೆ ತೊಟ್ಟಿದ್ದಳೆಂದು ಕೆಲವರು ಕಿಸಕ್ಕನೆ ನಕ್ಕರು. ಆಕೆ ಅಲ್ಲೇ ಇದ್ದಳು. ಮುಂದೆ ಬಂದು ತನ್ನ ಹಗ್ಗವನ್ನು ಎರಡೂ ತುದಿಗಳಲ್ಲಿ ಬಿಚ್ಚಿ, ಸುತ್ತಿಕೊಂಡು ಹೊರಟುಹೋದಳು. ನಕ್ಕವರು ಬಾವಿಯೊಳಗೊಮ್ಮೆ ಇಣುಕಿದರು. ಆಮೇಲೆ ಒಬ್ಬೊಬ್ಬರಾಗಿ ಅವರೂ ತಮ್ಮ ಹಗ್ಗ ಬಿಚ್ಚಿಕೊಂಡರು. ಗೌಡ ಬೈದ, ಕೈಮುಗಿದ. ಯಾರೂ ತಿರುಗಿ ನೋಡಲಿಲ್ಲ.

ಕೊಡ ಇನ್ನೂ ಆ ಬಾವಿಯಲ್ಲೇ ಇದೆ. ನೀರು ಹೊರುವವಳು ಕಳ್ಳಿಯೆನಿಸಿಕೊಂಡೇ ಸತ್ತಳು.”

ಅಡಿವೆಪ್ಪ ಪಟ್ಟು ಬಿಡಲಿಲ್ಲ. “ನಾನು ಯಾರ ಹಗ್ಗವನ್ನೂ ಬೇಡಿಲ್ಲ ಗುರುಗಳೇ. ನನ್ನ ಕೈಯಲ್ಲಿರುವುದೆಲ್ಲ ಸರಕಾರದ್ದು” ಎಂದ.

“ಪಾತಾಳಗರಡಿ ಸರಕಾರದ್ದೇ, ಅಪ್ಪಾ, ಹಗ್ಗ ಆ ಹುಡುಗಿ ತಂದುಕೊಟ್ಟದ್ದು.”