ಎರಡು ಕಾರು, ಹತ್ತು ಹತ್ತು ಸುತ್ತು

“ಅಜ್ಜಾರ, ಇಬ್ಬರಿಗೂ ಒಂದ ಅಳತಿ ಇಟ್ಟು ನೋಡಿದ ಮ್ಯಾಲೂ ಮನಸ್ಸಿಗೆ ಸಮಾಧಾನ ಇಲ್ಲಂದ್ರ, ತಪ್ಪು ಎಲ್ಲಿ ಇರತೈತ್ರಿ?” ಎಂದು ಗುರುಪಾದಯ್ಯ ಕೇಳಿದ.

ಗುರುಪಾದಯ್ಯ ಮಠದ ಪಾಠಶಾಲೆಯ ಮುಖ್ಯೋಪಾಧ್ಯಾಯ. ಕಲಿಸುವುದು ಗಣಿತ. ಪಾಠಶಾಲೆಗೆ ಒಬ್ಬ ಸಂಗೀತ ಶಿಕ್ಷಕರು ಬೇಕಾಗಿದ್ದರು. ಹಿಂದಿನ ದಿನ ಇಬ್ಬರು ಬಂದಿದ್ದರು. ಮೊದಲು ಹಾಡಿದವನು ಗಂಡಸು, ಆಮೇಲೆ ಹಾಡಿದವಳು ಹೆಣ್ಣುಮಗಳು. ಇಬ್ಬರಿಗೂ ಅದೇ ಹಾಡು, ಅದೇ ಹಾರ್ಮೋನಿಯಂ, ಅದೇ ಅರ್ಧ ಗಂಟೆ. ಶ್ರುತಿ ಬದಲಿಸಿಕೊಳ್ಳಲೇ ಎಂದು ಆಕೆ ಕೇಳಿದಾಗ, ಮೊದಲನೆಯವರಿಗೆ ಇಟ್ಟ ಶ್ರುತಿಯೇ ನಿಮಗೂ ಎಂದು ಗುರುಪಾದಯ್ಯ ಹೇಳಿದ್ದ. ಆಕೆ ಹಾಡಿದಳು. ಕೆಳಗಿನ ಸ್ವರಗಳಲ್ಲಿ ದನಿಯೇ ಏಳಲಿಲ್ಲ. ಕೆಲಸ ಗಂಡಸಿಗೆ ಸಿಕ್ಕಿತು. ಆಕೆ ನಮಸ್ಕಾರ ಮಾಡಿ, ಮರುದಿನ ಬೆಳಗಿನ ಬಸ್ಸಿಗೆ ತನ್ನ ಊರಿಗೆ ಹೊರಟುಹೋದಳು.

ಮಠದ ಹಿರಿಯ ಸ್ವಾಮಿಗಳಾದ ಅಜ್ಜನವರು ಎಲ್ಲವನ್ನೂ ಕೇಳಿಸಿಕೊಂಡರು. ತಪ್ಪು ಎನ್ನಲಿಲ್ಲ, ಸರಿ ಎನ್ನಲಿಲ್ಲ. “ಕುಂದರು. ಎರಡು ಕಾರಿನ ಕತಿ ಹೇಳತೀನಿ” ಎಂದರು.

ಗುರುಪಾದಯ್ಯನಿಗೆ ಆಶ್ಚರ್ಯವಾಯಿತು. ಅಜ್ಜನವರು ಜನ್ಮದಲ್ಲಿ ಸೈಕಲ್ ಸಹ ಹತ್ತಿದವರಲ್ಲ. ಅವರಿಗೆ ಕಾರಿನ ಗೊಡವೆ ಎಲ್ಲಿಂದ ಬಂತು ಎಂದು ಅವನು ಮುಖ ನೋಡಿದ. ಈ ಕತೆಯ ಮನುಷ್ಯ ಒಮ್ಮೆ ಮಠಕ್ಕೆ ಬಂದು ಮೂರು ದಿನ ಇದ್ದ, ಮೂರನೆಯ ದಿನ ಇದನ್ನು ಹೇಳಿ ಹೋದ ಎಂದು ಅಜ್ಜನವರು ತಿಳಿಸಿದರು. ಹೆಸರು ಬೇಡ, ಅವನ ಹೆಸರು ಅವನಿಗೇ ಭಾರವಾಗಿತ್ತು ಎಂದರು. ಆಮೇಲೆ ಹೇಳಿದ ಕತೆ ಇದು.

ಒಬ್ಬ ಚಾಲಕನಿದ್ದ. ರೇಸ್ ಕಾರುಗಳನ್ನು ಓಡಿಸಿ ನೋಡಿ, ಯಾವುದು ಒಳ್ಳೆಯದು, ಯಾವುದು ಅಲ್ಲ ಎಂದು ಬರೆದು ಕೊಡುವುದು ಅವನ ಕೆಲಸ. ಅವನಿಗಿಂತ ವೇಗವಾಗಿ ಓಡಿಸುವವರು ಇದ್ದರು. ಅವನಿಗಿಂತ ನ್ಯಾಯವಾಗಿ ಬರೆಯುವವರು ಇರಲಿಲ್ಲ. ಯಾರ ಹಂಗಿಗೂ ಬೀಳುತ್ತಿರಲಿಲ್ಲ. ಒಂದು ಕಾರಿನವರ ಚಹಾ ಕುಡಿದರೆ ಇನ್ನೊಬ್ಬರದೂ ಕುಡಿಯಬೇಕಾಗುತ್ತದೆ ಎಂದು ಯಾರ ಚಹಾವನ್ನೂ ಮುಟ್ಟುತ್ತಿರಲಿಲ್ಲ. ಎರಡು ಕಾರು ನೋಡುವ ದಿನ ಮೊದಲನೆಯದಕ್ಕೆ ಮುಂಚೆ ಎರಡು ಇಡ್ಲಿ ತಿಂದರೆ, ಎರಡನೆಯದಕ್ಕೆ ಮುಂಚೆಯೂ ಎರಡು ಇಡ್ಲಿ ತಿನ್ನುತ್ತಿದ್ದ. ಹಸಿವಿದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಜನ ಇದನ್ನು ಹೇಳಿ ನಗುತ್ತಿದ್ದರು, ಆದರೆ ಅವನು ಬರೆದ ಮಾತಿಗೆ ಎದುರಾಡುತ್ತಿರಲಿಲ್ಲ. ಅದೇ ಅವನ ಹೆಮ್ಮೆ.

ಒಬ್ಬ ಸಾವಕಾರ ರೇಸ್ ತಂಡ ಕಟ್ಟಲು ಹೊರಟ. ಅವನಿಗೆ ಒಂದೇ ಬಗೆಯ ಹನ್ನೆರಡು ಕಾರು ಬೇಕಾಗಿದ್ದವು. ಒಂದು ದೊಡ್ಡ ಕಾರ್ಖಾನೆಯವರು ತಮ್ಮ ಕಾರನ್ನು ತಂದರು. ಒಬ್ಬ ಮಿಸ್ತ್ರಿಯೂ ತನ್ನ ಕಾರನ್ನು ತಂದ. ಒಂಬತ್ತು ವರ್ಷ ಒಂದು ತಗಡಿನ ಶೆಡ್ಡಿನಲ್ಲಿ, ನಾಲ್ವರು ಕೆಲಸಗಾರರನ್ನು ಇಟ್ಟುಕೊಂಡು, ತಾನೇ ಕೈಯಾರೆ ಮಾಡಿದ ಕಾರು ಅದು. ಸಾವಕಾರ ಒಪ್ಪಿದರೆ ಶೆಡ್ಡು ಉಳಿಯುತ್ತದೆ, ನಾಲ್ವರ ಮನೆ ನಡೆಯುತ್ತದೆ, ಅಂಥ ಇನ್ನೂ ಹನ್ನೆರಡು ಕಾರು ಹುಟ್ಟುತ್ತವೆ. ಒಪ್ಪದಿದ್ದರೆ ಶೆಡ್ಡಿಗೆ ಬೀಗ. ಚಾಲಕನಿಗೆ ಇದು ಗೊತ್ತಿತ್ತು. ಗೊತ್ತಿದ್ದುದರಿಂದಲೇ ಅವನು ಇನ್ನಷ್ಟು ಬಿಗಿಯಾದ. ಕನಿಕರಕ್ಕೆ ಕಾರು ಗೆದ್ದಿತು ಎಂದು ಯಾರೂ ಅನ್ನಬಾರದು ಎಂಬುದು ಅವನ ಹಟ.

ಎರಡೂ ಕಾರುಗಳಲ್ಲಿ ಎಂಜಿನ್ನಿನ ಬಲ ಹೋಗುತ್ತಿದ್ದುದು ಹಿಂದಿನ ಚಕ್ರಗಳಿಗೆ. ತೂಕವೂ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಒಂದೇ ಒಂದು. ಕಾರ್ಖಾನೆಯ ಕಾರಿನಲ್ಲಿ ಎಂಜಿನ್ ಮುಂದೆ ಇತ್ತು. ಮಿಸ್ತ್ರಿಯ ಕಾರಿನಲ್ಲಿ ಚಾಲಕನ ಬೆನ್ನ ಹಿಂದೆ ಇತ್ತು.

ಚಾಲಕ ಎಲ್ಲವನ್ನೂ ಸಮ ಮಾಡಿದ. ಒಂದೇ ಟ್ರ್ಯಾಕ್, ಒಂದೇ ದಿನ. ಒಂದೇ ಬಗೆಯ ಹೊಸ ಟೈರು, ಅವುಗಳಲ್ಲಿ ಒಂದೇ ಗಾಳಿ. ಪೆಟ್ರೋಲ್ ಒಂದೇ ಗೆರೆಯವರೆಗೆ. ಇದಕ್ಕೆ ಹತ್ತು ಸುತ್ತು, ಅದಕ್ಕೆ ಹತ್ತು ಸುತ್ತು. ಚೀಟಿ ಎತ್ತಿದಾಗ ಕಾರ್ಖಾನೆಯ ಕಾರು ಮೊದಲು ಬಂತು.

ಮೊದಲ ಎರಡು ಸುತ್ತಿನಲ್ಲಿ ಅವನು ಕಾರಿನ ಮಾತನ್ನು ಕೇಳಿಸಿಕೊಂಡ. ಮೂರನೆಯ ಸುತ್ತಿಗೆ ಅದರ ಸ್ವಭಾವ ಕೈಗೆ ಹತ್ತಿತು. ಆ ಕಾರಿಗೆ ಜೋರು ಬೇಕು. ತಿರುವಿನ ತೀರಾ ಹತ್ತಿರಕ್ಕೆ ಹೋಗಿ ಬ್ರೇಕ್ ಒತ್ತಬೇಕು, ಒತ್ತಿದ ಕಾಲನ್ನು ಎತ್ತದೆ ಹಾಗೆಯೇ ತಿರುಗಿಸಬೇಕು. ಆಗ ಹಿಂಭಾಗ ತುಸು ಜಾರುತ್ತದೆ, ಕಾರು ತಿರುವಿನೊಳಗೆ ಹೊರಳುತ್ತದೆ. ಅವನು ಹಾಗೆಯೇ ಮಾಡಿದ. ಹತ್ತು ಸುತ್ತಿನಲ್ಲಿ ಒಳ್ಳೆಯದೆಂದರೆ ಒಂದು ನಿಮಿಷ ಐವತ್ತೆರಡು ಸೆಕೆಂಡು.

ಇಳಿದು ಎರಡು ಇಡ್ಲಿ ತಿಂದು ಮಿಸ್ತ್ರಿಯ ಕಾರು ಹತ್ತಿದ.

ಎರಡನೆಯ ಸುತ್ತಿನಲ್ಲೇ ಕಾರು ಗಿರಕಿ ಹೊಡೆಯಿತು. ತಿರುವಿನ ಹತ್ತಿರ ಬ್ರೇಕ್ ಒತ್ತಿ, ಕಾಲು ಎತ್ತದೆ ತಿರುಗಿಸಿದ, ಹಿಂಭಾಗ ಸರ್ರನೆ ಹೊರಗೆ ಹೋಯಿತು, ಟ್ರ್ಯಾಕ್ ಬಿಟ್ಟು ಹುಲ್ಲಿನಲ್ಲಿ ನಿಂತಿತು. ಮತ್ತೆ ಓಡಿಸಿದ. ನಾಲ್ಕನೆಯ ಸುತ್ತಿನಲ್ಲಿ ಮತ್ತೆ ಅದೇ ತಿರುವು, ಅದೇ ಗಿರಕಿ. ಟೈರಿಗೆ ಅಂಟಿದ ಹುಲ್ಲು ತೆಗೆಯಲು ಕಾರನ್ನು ಪಕ್ಕಕ್ಕೆ ತಂದ. ಮಿಸ್ತ್ರಿ ಓಡಿ ಬಂದು ಕಿಟಕಿಗೆ ಬಗ್ಗಿದ. ಅವನ ಮುಖ ಬಿಳಿಚಿಕೊಂಡಿತ್ತು.

“ಸರ, ಬ್ರೇಕ್ ಮ್ಯಾಲಿನ ಕಾಲು ಜರಾ ಲಗೂನ ತಗೀರಿ. ತಿರುವು ಬರೂಕಿಂತ ಮೊದಲ ತಗೀರಿ. ಎಂಜಿನ್ ಹಿಂದ ಐತಲ್ರಿ, ಅದು ತಾನ ತಿರಗತೈತಿ.”

ಚಾಲಕ ಕೈ ಅಡ್ಡ ಹಿಡಿದ. “ಮೊದಲನೇ ಕಾರಿನವರು ನನಗೆ ಏನೂ ಹೇಳಿಕೊಡಲಿಲ್ಲ. ನೀವು ಹೇಳಿ ನಾನು ಕೇಳಿದರೆ ಅವರಿಗೆ ಅನ್ಯಾಯ ಆಗುತ್ತೆ. ದಯವಿಟ್ಟು ದೂರ ನಿಲ್ಲಿ.”

ಮಿಸ್ತ್ರಿ ದೂರ ನಿಂತ.

ಚಾಲಕ ಉಳಿದ ಸುತ್ತುಗಳನ್ನು ಮುಗಿಸಿದ. ಒಳ್ಳೆಯದೆಂದರೆ ಒಂದು ನಿಮಿಷ ಐವತ್ತಾರು. ನೋಡಿದ್ದನ್ನೇ ಬರೆದ. ಎರಡನೆಯ ಕಾರು ನಾಲ್ಕು ಸೆಕೆಂಡು ನಿಧಾನ, ಹಿಂಭಾಗ ಹೇಳದೆ ಕೇಳದೆ ಜಾರುತ್ತದೆ, ನಂಬಲು ಬರುವುದಿಲ್ಲ ಎಂದು ಬರೆದು ಸಹಿ ಹಾಕಿದ. ಆ ಕಾಗದದಲ್ಲಿ ಒಂದು ಸುಳ್ಳು ಅಕ್ಷರವೂ ಇರಲಿಲ್ಲ. ಸಾವಕಾರ ಕಾರ್ಖಾನೆಯ ಹನ್ನೆರಡು ಕಾರು ತರಿಸಿಕೊಂಡ. ಮಿಸ್ತ್ರಿಯ ಶೆಡ್ಡು ಆ ವರ್ಷವೇ ಮುಚ್ಚಿತು. ಕಾರನ್ನು ಬಿಚ್ಚಿ ಗುಜರಿಗೆ ಹಾಕಲು ಮನಸ್ಸು ಬಾರದೆ, ಅದೇ ಟ್ರ್ಯಾಕಿನ ಚಾಲನೆ ಶಾಲೆಗೆ ಸುಮ್ಮನೆ ಕೊಟ್ಟು ಹೋದನಂತೆ. ಚಾಲಕ ಅದನ್ನು ಕೇಳಿ, ಪಾಪ ಎಂದ. ಅಷ್ಟೇ. ಆ ದಿನ ಅವನಿಗೆ ಚೆನ್ನಾಗಿ ನಿದ್ದೆ ಬಂತು.

ಹದಿನಾಲ್ಕು ವರ್ಷ ಹೋಯಿತು. ಚಾಲಕನ ಬಲ ಮೊಣಕಾಲು ಸವೆಯಿತು. ಜೋರಾಗಿ ಬ್ರೇಕ್ ಒತ್ತಿದರೆ ಕಣ್ಣಿಗೆ ಕತ್ತಲೆ ಬರುವಷ್ಟು ನೋವು. ರೇಸ್ ಕಾರುಗಳನ್ನು ಬಿಟ್ಟು ಅದೇ ಶಾಲೆಯಲ್ಲಿ ಕಲಿಸಲು ಸೇರಿದ. ಮಿಸ್ತ್ರಿಯ ಕಾರು ಒಂದು ಮೂಲೆಯಲ್ಲಿ ತಾಡಪಾಲಿನ ಕೆಳಗೆ ಇತ್ತು. ಶಾಲೆಯವರು ಆಗೀಗ ಅದನ್ನು ಚಾಲೂ ಮಾಡಿ ನಿಲ್ಲಿಸುತ್ತಿದ್ದರು, ಓಡಿಸುತ್ತಿರಲಿಲ್ಲ. ನಂಬಲು ಬರುವುದಿಲ್ಲ ಎಂದು ದೊಡ್ಡವರು ಬರೆದದ್ದು ಎಲ್ಲರಿಗೂ ಗೊತ್ತಿತ್ತಲ್ಲ. ಆ ದೊಡ್ಡವರು ದಿನವೂ ಅದರ ಪಕ್ಕದಲ್ಲೇ ಹಾದು ಹೋಗುತ್ತಿದ್ದರು.

ಒಂದು ಬೆಳಿಗ್ಗೆ ಕಲಿಸುವ ಕಾರು ಕೆಟ್ಟು ನಿಂತಿತು. ಕಲಿಯಲು ಬಂದವರು ಕಾಯುತ್ತಿದ್ದರು. ಟ್ರ್ಯಾಕ್ ಹೇಗಿದೆ ಎಂದು ತೋರಿಸಿದರೆ ಸಾಕು ಎಂದು ಚಾಲಕ ತಾಡಪಾಲು ಸರಿಸಿ ಆ ಕಾರು ಹತ್ತಿದ.

ಮೊದಲ ತಿರುವು ಬಂತು. ಬ್ರೇಕ್ ಒತ್ತಿದ, ಮೊಣಕಾಲು ಚುಳ್ ಎಂದಿತು. ತಡೆಯಲಾರದೆ ತಿರುವಿಗೆ ಮುಂಚೆಯೇ ಕಾಲು ಎತ್ತಿಬಿಟ್ಟ. ಕಾರು ತಾನೇ ತಿರುಗಿತು. ಹಿಂದಿನ ಚಕ್ರಗಳು ನೆಲವನ್ನು ಕಚ್ಚಿ ಹಿಡಿದವು. ಅವನಿಗೆ ನಂಬಿಕೆ ಬರಲಿಲ್ಲ. ಮುಂದಿನ ತಿರುವಿನಲ್ಲೂ ಹಾಗೆಯೇ ಮಾಡಿದ, ಹಾಗೆಯೇ ತಿರುಗಿತು. ಎರಡು ಬಾರಿ ಗಿರಕಿ ಹೊಡೆದಿದ್ದ ಆ ತಿರುವೂ ಬಂತು. ಅಲ್ಲಿ ಕಾರು ಹೆದ್ದಾರಿಯಲ್ಲಿ ಹೋದಷ್ಟು ಸಲೀಸಾಗಿ ಹೋಯಿತು. ಮುಂದಿನ ಸುತ್ತನ್ನು ಪೂರ್ತಿ ವೇಗದಲ್ಲಿ ಮುಗಿಸಿ ಇಳಿದಾಗ ಗಡಿಯಾರ ಹಿಡಿದಿದ್ದ ಶಾಲೆಯವರು ಹೇಳಿದರು, ಒಂದು ನಿಮಿಷ ಐವತ್ತೊಂದು. ಕಾರು ಹಳೆಯದು, ಟೈರು ಹಳೆಯದು, ಕಾಲು ಕುಂಟು. ಆದರೂ ಕಾರ್ಖಾನೆಯ ಕಾರಿಗಿಂತ ಒಂದು ಸೆಕೆಂಡು ಮುಂದೆ.

ಚಾಲಕ ಅಲ್ಲೇ ಕಟ್ಟೆಯ ಮೇಲೆ ಕುಳಿತ. ಅವತ್ತು ಕಿಟಕಿಗೆ ಬಗ್ಗಿದ್ದ ಮುಖ ನೆನಪಾಯಿತು. ಬಾಯಿ ತೆರೆದು ಹೇಳಿದ್ದನಲ್ಲ, ಕೈ ಅಡ್ಡ ಹಿಡಿದೆನಲ್ಲ ಎಂದುಕೊಂಡ. ಮರುದಿನವೇ ಮಿಸ್ತ್ರಿಯನ್ನು ಹುಡುಕಿಕೊಂಡು ಹೋದ.

ಮಿಸ್ತ್ರಿ ತನ್ನ ಊರಿನಲ್ಲಿ, ಬಸ್ ನಿಲ್ದಾಣದ ಎದುರಿನ ಸಣ್ಣ ಅಂಗಡಿಯಲ್ಲಿ ಮಿಕ್ಸರ್ ರಿಪೇರಿ ಮಾಡುತ್ತಿದ್ದ. ಚಾಲಕನನ್ನು ಗುರುತು ಹಿಡಿದು ಎದ್ದು ನಿಂತು, ಸ್ಟೂಲ್ ಒರೆಸಿ ಕೂರಿಸಿದ. ಚಹಾ ತರಿಸಿದ. ಚಾಲಕ ಈ ಸಲ ಕುಡಿದ. ಕುಡಿದು, ನಡೆದದ್ದನ್ನು ಒಂದೂ ಬಿಡದೆ ಹೇಳಿದ.

“ನಿಮ್ಮ ಕಾರೇ ಒಳ್ಳೇದಿತ್ತು. ನಾನು ಓಡಿಸಿದ್ದು ತಪ್ಪು. ಇನ್ನೊಂದು ಮಾಡಿ ಮಿಸ್ತ್ರಿಗಳೇ, ಈ ಸಲ ನೀವು ಹೇಳಿದ ಹಾಗೇ ಓಡಿಸ್ತೀನಿ, ನಾನೇ ಊರೆಲ್ಲ ಸಾರಿ ಬರ್ತೀನಿ.”

ಮಿಸ್ತ್ರಿ ಕೈಯಲ್ಲಿದ್ದ ಮಿಕ್ಸರ್ ಜಾರನ್ನು ಕೆಳಗಿಟ್ಟ. ವಯಸ್ಸಿಗೆ ಸೊಟ್ಟಗಾದ ಬೆರಳುಗಳನ್ನು ಚಾಚಿ ತೋರಿಸಿದ.

“ಈ ಕೈಲೆ ಈಗ ಎಂಜಿನ್ ಆಗಂಗಿಲ್ರಿ ಸರ” ಎಂದ. “ಅದು ಹೋಗ್ಲಿ ಬಿಡ್ರಿ. ನಿಮ್ಮಂಥ ನ್ಯಾಯಸ್ಥರು ಬರದ ಮ್ಯಾಲೆ, ನನ್ನ ಕಾರ ಖೊಟ್ಟಿ ಇರಬೇಕು ಅಂತ ನಾನೂ ನಂಬಿಬಿಟ್ನಿ. ಹದಿನಾಕು ವರ್ಷ ಆತು. ಒಂದು ದಿನಾನೂ ಅದನ್ನ ನೋಡಾಕ ಬರಲಿಲ್ಲ ನಾ.”

ಚಾಲಕ ಕ್ಷಮೆ ಕೇಳಬೇಕೆಂದು ಹೋಗಿದ್ದ. ಆ ಮಾತು ಕೇಳಿದ ಮೇಲೆ ಕ್ಷಮೆಯ ಮಾತು ಬಾಯಿಂದ ಹೊರಡಲಿಲ್ಲ. ಹೋದದ್ದು ಬರೀ ಶೆಡ್ಡಾಗಿದ್ದರೆ, ಬರೀ ಕೆಲಸವಾಗಿದ್ದರೆ, ಏನಾದರೂ ಕೊಡಬಹುದಿತ್ತು. ತಾನು ಮಾಡಿದ್ದು ಒಳ್ಳೆಯದು ಎಂಬ ಒಬ್ಬ ಕೆಲಸಗಾರನ ನಂಬಿಕೆ ಹೋಗಿತ್ತು. ಅದನ್ನು ಕಿತ್ತುಕೊಂಡದ್ದು ಯಾರೋ ಮೋಸಗಾರನಲ್ಲ, ನ್ಯಾಯಕ್ಕೆ ಹೆಸರಾದ ತಾನು. ಮೋಸಗಾರ ಬರೆದಿದ್ದರೆ ಮಿಸ್ತ್ರಿ ನಂಬುತ್ತಲೇ ಇರಲಿಲ್ಲ. ಇನ್ನೊಂದು ಮಿಕ್ಸರ್ ಹಿಡಿದು ಯಾರೋ ಹೆಂಗಸು ಅಂಗಡಿಗೆ ಬಂದರು. ಮಿಸ್ತ್ರಿ ಅತ್ತ ತಿರುಗಿದ. ಚಾಲಕ ಎದ್ದು ಬಂದ.

ಕತೆ ಅಲ್ಲಿಗೆ ಮುಗಿಯಿತು. ಅಜ್ಜನವರು ಹೊದ್ದ ಶಾಲು ಸರಿಮಾಡಿಕೊಂಡರು.

ಗುರುಪಾದಯ್ಯ ಗಣಿತದವನು, ಸುಲಭಕ್ಕೆ ಬಿಡುವವನಲ್ಲ. ಮಿಸ್ತ್ರಿಯ ಬಗ್ಗೆ ಅವನಿಗೆ ಮರುಕ ಬಂದಿತ್ತು, ಚಾಲಕನನ್ನು ಬಿಟ್ಟುಕೊಡಲು ಮಾತ್ರ ಮನಸ್ಸಿರಲಿಲ್ಲ. ಬಿಟ್ಟುಕೊಟ್ಟರೆ ಯಾರನ್ನು ಬಿಟ್ಟುಕೊಟ್ಟಂತಾಗುತ್ತದೆ ಎಂಬುದು ಅವನಿಗೆ ಒಳಗೊಳಗೇ ತಿಳಿದಿತ್ತು.

“ಆದರೂ ಅಜ್ಜಾರ, ಅವನು ಭೇದ ಮಾಡಲಿಲ್ಲಲ್ರಿ” ಎಂದ. “ಇಬ್ಬರಿಗೂ ಒಂದ ಅಳತಿ ಇಟ್ಟಿದ್ದ.”

ಅಜ್ಜನವರು ಅವನನ್ನೇ ನೋಡಿ ಮೆಲ್ಲಗೆ ಹೇಳಿದರು:

“ಒಂದ ಅಳತಿ ಖರೆ, ಆದರ ಅದು ಮೊದಲನೇ ಕಾರಿನ ಅಳತಿ.”