ಪಾಲಿಗೆ ಬಂದ ಕಂಬ

"ಗುರುಗಳೇ, ಒಂದೇ ಪಂಕ್ತಿಯಲ್ಲಿ ಉಂಡು ಬೆಳೆದವನ ಜೊತೆ ಮಾತು ಬಿಟ್ಟು ಏಳು ವರ್ಷವಾಯಿತು. ಈ ಹಗೆ ಹೊತ್ತು ಹೊತ್ತು ಸಾಕಾಗಿದೆ. ಇಳಿಸೋಣವೆಂದರೆ ಇಳಿಯುತ್ತಿಲ್ಲ. ಯಾಕೆ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಂದು ಊರಲ್ಲಿ ಮುನ್ನೂರು ವರ್ಷದ ಕಲ್ಲಿನ ಮನೆ. ಒಳಗೆ ದೊಡ್ಡ ಪಡಸಾಲೆ. ಅದರ ನಟ್ಟನಡುವೆ ಎರಡು ಕಲ್ಲುಕಂಬ, ಕಂಬದ ಮೇಲೆ ಉದ್ದದ ತೊಲೆ, ತೊಲೆಯ ಮೇಲೆ ಇಡೀ ಮಾಳಿಗೆ. ಆ ಮನೆಯ ಮಗಳು ಮದುವಣಗಿತ್ತಿಯಾದರೆ ಆ ಎರಡು ಕಂಬಗಳ ನಡುವೆ ಕೂರಿಸಿಯೇ ಅರಿಶಿನ ಹಚ್ಚಬೇಕು. ಬೇರೆ ಕಡೆ ಹಚ್ಚಿದರೆ ಶಾಸ್ತ್ರವೇ ಆಗಲಿಲ್ಲ.

ಅಂಥ ಮನೆಯಲ್ಲಿ ಅಣ್ಣತಮ್ಮಂದಿರು ಬೇರೆಯಾದರು. ಕಾರಣ ಕೇಳಿ ನಗಬೇಡ. ಹಿರಿಯವನ ಹೆಂಡತಿ ಮಾಡಿದ ಹೋಳಿಗೆಯಲ್ಲಿ ಹೂರಣ ಹುಡುಕಬೇಕು ಎಂದು ಕಿರಿಯವನ ಹೆಂಡತಿ ಬಾವಿಕಟ್ಟೆಯಲ್ಲಿ ಯಾರಿಗೋ ಹೇಳಿದ್ದಳಂತೆ. ಮಾತು ಮನೆ ಮುಟ್ಟುವಷ್ಟರಲ್ಲಿ ಅದಕ್ಕೆ ಕೈಕಾಲು ಬೆಳೆದಿತ್ತು. ಹಿರಿಯವಳು ಸುಮ್ಮನಿರುವ ಹೆಂಗಸೇ? ಓರಗಿತ್ತಿಯ ತವರಿನವರು ಮದುವೆಮನೆಗಳಲ್ಲಿ ಉಣ್ಣುವ ಚಂದವನ್ನೆಲ್ಲ ಬೀದಿಗೆ ತಂದು ಹರಡಿದಳು.

ತೊಲೆಯ ಕೆಳಗೆ ಗೋಡೆ ಎಬ್ಬಿಸಲು ಗೌಂಡಿ ಬಂದ. ಕಂಬಗಳು ಗೋಡೆಯೊಳಗೇ ಇರಲಿ ಎಂದ. ಹಾಗಾದರೆ ಅವು ಯಾರ ಪಾಲು ಎಂದು ಇಬ್ಬರು ಹೆಂಗಸರೂ ಒಂದೇ ಬಾಯಲ್ಲಿ ಕೇಳಿದರು. ಆ ಜಗಳದಲ್ಲಿ ಅವರು ಒಮ್ಮತಕ್ಕೆ ಬಂದದ್ದು ಅದೊಂದೇ ಸಲ. ಗೌಂಡಿ ಗೋಡೆಯನ್ನು ತೊಲೆಗೆ ಮುಟ್ಟಿಸಿ, ಕಂಬ ಕಿತ್ತು, ಆ ಜಾಗಕ್ಕೂ ಕಲ್ಲು ತುಂಬಿ, ಒಬ್ಬೊಬ್ಬರಿಗೆ ಒಂದೊಂದು ಕಂಬ ಕೊಟ್ಟ. ಊರು ಶೇಂಗಾ ತಿನ್ನುತ್ತಾ ನೋಡಿತು.

ಹಿರಿಯವಳು ತನ್ನ ಕಂಬವನ್ನು ಮೂರು ತುಂಡು ಮಾಡಿಸಿ ಬಟ್ಟೆ ಒಗೆಯುವ ಕಲ್ಲಾಗಿಸಿದಳು. ಕಿರಿಯವಳು ತನ್ನದನ್ನು ಕೊರೆಸಿ ಎಮ್ಮೆ ನೀರು ಕುಡಿಯುವ ಬಾನಿ ಮಾಡಿಸಿದಳು.

ಇಪ್ಪತ್ತು ವರ್ಷ ಹೋಯಿತು. ಆಚೆ ಒಗ್ಗರಣೆ ಚುರ್ ಎಂದರೆ ಈಚೆ ಹಿರಿಯವಳ ಕೈ ನಿಲ್ಲುತ್ತಿತ್ತು. ಆಚೆ ಕೆಮ್ಮಿದರೆ ಯಾರ ಕೆಮ್ಮು ಎಂದು ಇವಳು ಕಿವಿಗೊಡುತ್ತಿದ್ದಳು. ಬೈದು ಬೈದು ಬಾಯಿ ಸೋತಿತು, ಕಿವಿ ಮಾತ್ರ ಸೋಲಲಿಲ್ಲ. ಅಷ್ಟರಲ್ಲಿ ಹಿರಿಯವಳ ಮಗಳ ಮದುವೆ ನಿಶ್ಚಯವಾಯಿತು. ಇನ್ನು ಒಂಬತ್ತು ದಿನ ಎನ್ನುವಾಗ ಅವಳು ಬೀದಿಬಾಗಿಲಿನಿಂದ ಹೋಗಿ ಓರಗಿತ್ತಿಯ ಮುಂದೆ ನಿಂತಳು.

"ತಂಗೀ, ನನಗೆ ಸಾಕಾಗಿದೆ. ಗೋಡೆ ಒಡೆಸೋಣ. ಹುಡುಗಿಯನ್ನು ನಡುವೆ ಕೂರಿಸಬೇಕು."

"ಒಡೆಸು ಅಕ್ಕಾ. ನೀನು ಪಾತ್ರೆ ಕುಕ್ಕುವ ಸದ್ದಿಗೆ ನನ್ನ ಕಿವಿಯೂ ತೂತಾಗಿದೆ."

ಅದೇ ಗೌಂಡಿ ಬಂದ. ಮುದುಕನಾಗಿದ್ದ. ತಲೆ ಎತ್ತಿ ತೊಲೆ ನೋಡಿದ, ಸುತ್ತಿಗೆ ಎತ್ತಲಿಲ್ಲ.

"ಈಗ ಮಾಳಿಗೆ ಹೊತ್ತಿರುವುದು ಈ ಗೋಡೆಯೇ ತಾಯೀ. ಹೊಸ ಕಂಬ ಕಡೆಯಲು ಆರು ತಿಂಗಳು ಬೇಕು. ಹಳೆಯವು ಇದ್ದರೆ ತನ್ನಿ, ಅವನ್ನು ನಿಲ್ಲಿಸಿ ಗೋಡೆ ಒಡೆಯುತ್ತೇನೆ."

ಇಬ್ಬರೂ ಹಿತ್ತಲಿಗೆ ಹೋದರು. ಒಗೆಯುವ ಕಲ್ಲು ನೋಡಿದರು, ಬಾನಿ ನೋಡಿದರು. ಯಾರೂ ಯಾರನ್ನೂ ಬೈಯಲಿಲ್ಲ. ಬೈಯುವ ತ್ರಾಣವೂ ಉಳಿದಿರಲಿಲ್ಲ. ಹುಡುಗಿಗೆ ಗೋಡೆಯ ಬುಡದಲ್ಲೇ ಅರಿಶಿನ ಹಚ್ಚಿದರು. ತಾಯಿ ಅದೇ ಗೋಡೆಗೆ ಒರಗಿ ಕೂತಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಹಾಗಾದರೆ ನಾನೇನು ಮಾಡಲಿ?" ಎಂದ ಶಿಷ್ಯ.

"ನಿನ್ನ ಪಾಲಿಗೆ ಬಂದ ಕಂಬವನ್ನು ನೀನು ಏನು ಮಾಡಿಕೊಂಡಿದ್ದೀಯ?"